ಮುಗಿಯದೆ ನಿಂತ ಧಾಟಿ

ಕೈರೋದ ಶುಬ್ರಾ ಬಡಾವಣೆಯ ಮನೆಯ ಬಾಲ್ಕನಿಯಲ್ಲಿ ಕೂತಾಗ ವಗ್ದಿ ಸಿದ್ಹೋಮ್‌ಗೆ ಈಗಲೂ ಒಂದು ಅಭ್ಯಾಸ. ಯಾವ ಕಿಟಕಿಯಿಂದ ಯಾವ ಟಿವಿಯ ಸಂಗೀತ ಹೊರಗೆ ಬಂದರೂ ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಕಾಯುತ್ತಾನೆ. ನಡುವೆ ಏನು ಬೇಕಾದರೂ ಮಾಡಿಕೊಳ್ಳಲಿ, ಕೊನೆ ಹೇಗೆ ಎಂದು ಅವನಿಗೆ ನೋಡಬೇಕು. ಈಗಿನವು ನಿಲ್ಲುವುದೇ ಇಲ್ಲ. ಯಾರೋ ಗುಂಡಿ ತಿರುಗಿಸಿದ ಹಾಗೆ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಕರಗಿಹೋಗುತ್ತವೆ. ವಗ್ದಿ ತಲೆ ಅಲ್ಲಾಡಿಸುತ್ತಾನೆ. ಒಳಗಿನಿಂದ ಹೆಂಡತಿ ದಿಮ್ಯಾನಾ ಕೂಗುತ್ತಾಳೆ, "ಅವರ ಧಾಟಿ ಅವರು ಹೇಗಾದರೂ ಸಾಯಿಸಿಕೊಳ್ಳಲಿ, ನಿಮ್ಮ ಚಹಾ ಆರ್ತಾ ಇದೆ."

ಅವನ ಕಾಲದಲ್ಲಿ ಕೈರೋದ ಸಿನಿಮಾದವರಿಗೆಲ್ಲ ಗೊತ್ತಿದ್ದ ಮಾತೆಂದರೆ, ಧಾಟಿ ಯಾರದಾದರೂ ಇರಲಿ, ಮುಗಿಸುವುದಕ್ಕೆ ವಗ್ದಿಯ ಹತ್ತಿರ ಕೊಡಬೇಕು. ಚರ್ಚಿನ ಶಾಲೆಯಲ್ಲಿ ಅಕಾರ್ಡಿಯನ್ ಕಲಿತವನು ಅವನು. ಆ ವಾದ್ಯಕ್ಕೆ ತನ್ನ ನಾಡಿನ ಸ್ವರಗಳು ಬರುವುದಿಲ್ಲವೆಂದು ಅದರ ಹೊಟ್ಟೆ ಬಿಚ್ಚಿ, ಒಳಗಿನ ತಗಡಿನ ನಾಲಿಗೆಗಳನ್ನು ಅರ ಹಾಕಿ ಉಜ್ಜಿ, ಎರಡು ಸ್ವರಗಳ ನಡುವಿನ ಸ್ವರವನ್ನೂ ಹೊರಡಿಸಿಕೊಂಡವನು. ಮದುವೆಗಳಲ್ಲಿ ನುಡಿಸಿದ, ಕುಣಿತದ ಹೆಂಗಸರ ಹಿಂದೆ ನುಡಿಸಿದ, ಆಮೇಲೆ ಪಿರಮಿಡ್ಡಿನ ರಸ್ತೆಯ ಸ್ಟುಡಿಯೋಗಳಿಗೆ ಹೋಗಿ ಸೇರಿಕೊಂಡ. ಅಲ್ಲಿ ದೊಡ್ಡ ಹೆಸರಿನ ಸಂಗೀತಗಾರರು ಊದ್ ಎಂಬ ತಂತಿವಾದ್ಯ ಹಿಡಿದುಕೊಂಡು ಬರುವರು, ಸೋಫಾದ ಮೇಲೆ ಒರಗಿ ಧಾಟಿ ಗುನುಗುವರು, ಸಿಗರೇಟು ಆರುವ ಮೊದಲೇ ಎದ್ದುಹೋಗುವರು. ಮಿಕ್ಕದ್ದು ವಗ್ದಿಯ ಪಾಲು. ಪಿಟೀಲುಗಳು ಎಲ್ಲಿ ಏಳಬೇಕು, ತಮಟೆ ಎಲ್ಲಿ ಸುಮ್ಮನಾಗಬೇಕು, ನಾಯಕಿ ಕಣ್ಣೊರೆಸಿಕೊಳ್ಳುವಾಗ ಯಾವ ವಾದ್ಯ ಅವಳ ಪಕ್ಕದಲ್ಲಿ ಕೂತಿರಬೇಕು, ಕಳ್ಳ ಗೋಡೆ ಹಾರುವಾಗ ಏನು, ಎಲ್ಲವೂ ಅವನದೇ. ತೆರೆಯ ಮೇಲೆ ದೊಡ್ಡವರ ಹೆಸರು ದೊಡ್ಡದಾಗಿ ಬರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ವಾದ್ಯ ಜೋಡಣೆ: ವಗ್ದಿ ಸಿದ್ಹೋಮ್". ಅಷ್ಟು ಹೊತ್ತಿಗೆ ಜನ ಇನ್ನೂ ಕುರ್ಚಿ ಹುಡುಕುತ್ತಾ ಕಡಲೆಬೀಜದ ಪೊಟ್ಟಣ ಬಿಚ್ಚುತ್ತಾ ಇರುತ್ತಿದ್ದರು.

"ಊರವರ ಮಕ್ಕಳಿಗೆಲ್ಲ ಹಬ್ಬದ ಬಟ್ಟೆ ಹೊಲಿದು ಕೊಡ್ತೀರಿ," ಎನ್ನುತ್ತಿದ್ದಳು ದಿಮ್ಯಾನಾ. "ನಮ್ಮದೊಂದು ಯಾವಾಗ ಹುಟ್ಟತ್ತೆ?"

ಅದು ಹುಟ್ಟಿದ್ದು ಅವನ ಕೂದಲು ನೆರೆಯಲು ಶುರುವಾದ ಮೇಲೆ. ರಮದಾನ್ ತಿಂಗಳಿಗೆಂದು ಟಿವಿಯವರು ಒಂದು ಧಾರಾವಾಹಿ ಮಾಡುತ್ತಿದ್ದರು, ಟ್ರಾಮ್ ಓಡಿಸುವವನೊಬ್ಬನ ಮನೆಯ ಕಥೆ. ಸಂಗೀತಕ್ಕೆ ಗೊತ್ತಾಗಿದ್ದವರು ಬೇರೊಬ್ಬರು. ಅವರು ಕಾಯಿಲೆ ಮಲಗಿದರು. ನಿರ್ದೇಶಕ ವಗ್ದಿಯನ್ನು ಕರೆದು, ಧಾಟಿಯೂ ನೀನೇ ಮಾಡು ಎಂದ. ಆಗ ರಮದಾನ್ ಧಾರಾವಾಹಿಯ ಶೀರ್ಷಿಕೆ ಸಂಗೀತವೆಂದರೆ ಏನು ಅಂದುಕೊಂಡಿರಿ. ಟಿವಿ ಇದ್ದದ್ದೇ ಎರಡು ಚಾನೆಲ್ಲು. ತಿಂಗಳು ಪೂರ್ತಿ ಇಡೀ ದೇಶ ಒಂದೇ ಹೊತ್ತಿಗೆ ಒಂದೇ ಧಾಟಿ ಕೇಳುತ್ತಿತ್ತು. ಬೀದಿಯಲ್ಲಿ ಬೆಕ್ಕುಗಳು ಮಾತ್ರ ಇರುತ್ತಿದ್ದವು. ಮೊದಲ ಸಲ ತನ್ನ ಹೆಸರು ಒಂದೇ, ದೊಡ್ಡ ಅಕ್ಷರದಲ್ಲಿ, ಮೇಲೆ ಯಾರೂ ಇಲ್ಲದೆ. ವಗ್ದಿ ಆ ಧಾಟಿಯನ್ನು ಎಷ್ಟು ಜೋಪಾನವಾಗಿ ಮಾಡಿದನೆಂದರೆ, ಸ್ನಾನದ ಮನೆಯಲ್ಲಿ ಕೂಡ ಗುನುಗುತ್ತಿರಲಿಲ್ಲ. ನೀರಿನ ಸದ್ದಿನಲ್ಲಿ ಎಲ್ಲಾದರೂ ಓರೆಯಾದೀತು ಎಂಬ ಭಯ.

ರಮದಾನಿಗೆ ಮುಂಚೆ ಒಂದು ಸೆಕೆಯ ಮಧ್ಯಾಹ್ನ ಅದರ ಧ್ವನಿಮುದ್ರಣವಾಯಿತು. ಹಳೆಯ ಸ್ಟುಡಿಯೋ ಅದು, ಗೋಡೆ ತೆಳು, ಹಿಂದಿನ ಓಣಿಯಲ್ಲೇ ಮಸೀದಿ. ಆದ್ದರಿಂದ ಅಲ್ಲಿ ಒಂದು ಪದ್ಧತಿ ಇತ್ತು. ಆಜಾನ್ ಹೊತ್ತು ಹತ್ತಿರವಾದಾಗ ಬಾಗಿಲು ಕಾಯುವವನು ಬಂದು ಗಾಜಿನ ಆಚೆ ಕೈ ಎತ್ತಿ ನಿಲ್ಲುವನು. ಪಿಟೀಲುಗಳು ಕೆಳಗಿಳಿಯುವವು, ನಮಾಜು ಮಾಡುವವರು ಹೋಗುವರು, ಮಿಕ್ಕವರು ಚಹಾ ಕುಡಿಯುವರು. ಅವತ್ತು ಆ ಬಾಗಿಲು ಕಾಯುವವನು ತನ್ನ ಅಕ್ಕನ ಮಗುವಿನ ಏಳನೇ ದಿನದ ಶಾಸ್ತ್ರಕ್ಕೆ ಹೋಗಿದ್ದ. ಫ್ಯಾನು ಸದ್ದು ಮಾಡುತ್ತದೆಂದು ಆರಿಸಿದ್ದರು. ಶೆಹಾತಾ ಕಾಕಾ, ಜೊಂಡಿನ ಕೊಳಲು ನುಡಿಸುವ ಮುದುಕ, ಉಸಿರು ಕಟ್ಟುತ್ತದೆ ಎಂದದ್ದಕ್ಕೆ ಅಂಗಳದ ಕಡೆಯ ಬಾಗಿಲು ಸ್ವಲ್ಪ ಓರೆ ಮಾಡಿದ್ದರು.

ಧಾಟಿಯ ಕೊನೆಯಲ್ಲಿ ಪಿಟೀಲುಗಳೆಲ್ಲ ತಣ್ಣಗಾಗಿ, ಕೊಳಲೊಂದೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮನೆಗೆ ಬಂದು ನಿಲ್ಲಬೇಕು. ಶೆಹಾತಾ ಕಾಕಾ ಅವತ್ತು ಇಳಿದ ರೀತಿಗೆ ಪಿಟೀಲಿನವರೆಲ್ಲ ಕಮಾನು ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಕೊನೆಯ ಸ್ವರವನ್ನು ಮುದುಕ ಅದೆಲ್ಲಿಂದಲೋ ಹುಡುಕಿ ತಂದು ಅಷ್ಟು ಮೆತ್ತಗೆ ಇಟ್ಟ. ಗಾಜಿನ ಹಿಂದೆ ಟೇಪು ನೋಡಿಕೊಳ್ಳುವ ಲುತ್ಫಿ ಎರಡೂ ಕೈ ಎತ್ತಿದ. ಇನ್ನೊಂದು ಸಲ ಬೇಡ, ಇದೇ ಸಾಕು.

ರಮದಾನ್ ಬಂತು. ಧಾರಾವಾಹಿ ರಾತ್ರಿ ಇಫ್ತಾರ್ ಆದ ಮೇಲೆ ಒಂದು ಸಲ, ಮರುದಿನ ಇಳಿಹೊತ್ತಿನಲ್ಲಿ ಅದೇ ಕಂತು ಇನ್ನೊಂದು ಸಲ. ಶುರುವಿನಲ್ಲಿ ಧಾಟಿಯ ತುಂಡು, ಕೊನೆಯಲ್ಲಿ ಹೆಸರುಗಳ ಜೊತೆ ಪೂರ್ತಿ ಧಾಟಿ. ವಾರ ಕಳೆಯುವುದರೊಳಗೆ ಇಸ್ತ್ರಿ ಅಂಗಡಿಯವನು ಅದನ್ನು ಶಿಳ್ಳೆ ಹಾಕುತ್ತಿದ್ದ. ಅವತ್ತು ವಗ್ದಿ ಅವನಿಗೆ ಒಗೆಯದ ಅಂಗಿಯನ್ನೂ ಇಸ್ತ್ರಿಗೆ ಕೊಟ್ಟು ಬಂದ, ಇನ್ನೊಂದು ಸಲ ಕೇಳಬಹುದೆಂದು.

ಎರಡನೇ ವಾರದ ಒಂದು ದಿನ ಯಾರೋ ಮಂತ್ರಿಯ ಭಾಷಣ ಉದ್ದವಾಯಿತು. ಇಳಿಹೊತ್ತಿನ ಕಾರ್ಯಕ್ರಮಗಳೆಲ್ಲ ಹಿಂದೆ ಬಿದ್ದವು. ಧಾರಾವಾಹಿ ಮುಗಿದಾಗ ಸೂರ್ಯ ಮುಳುಗಲು ಇನ್ನೇನು ಸ್ವಲ್ಪ ಹೊತ್ತು. ವಗ್ದಿ ಬಾಲ್ಕನಿಯಲ್ಲಿದ್ದ. ಎದುರು ಮನೆ, ಪಕ್ಕದ ಮನೆ, ಕೆಳಗಿನ ಮನೆ, ಎಲ್ಲ ಕಿಟಕಿಗಳಿಂದಲೂ ಅವನ ಧಾಟಿ ಒಟ್ಟಿಗೆ ಹೊರಗೆ ಬಂತು, ಕೊಳಲು ಒಟ್ಟಿಗೆ ಕೆಳಗಿಳಿಯಿತು. ಅವನ ಎದೆ ಉಬ್ಬಿತು. ಸ್ವಲ್ಪ ಹೊತ್ತಿನ ಮೇಲೆ ಉಪವಾಸ ಬಿಡುವ ಹೊತ್ತಿನ ತೋಪು ಹಾರಿತು, ಮಸೀದಿಗಳಲ್ಲಿ ಆಜಾನ್ ಎದ್ದಿತು. ಅದರ ಹಿಂದೆಯೇ ಕೆಳಗಿನ ಅಂತಸ್ತಿನಲ್ಲಿ ತಟ್ಟೆಯೊಂದು ಬಿದ್ದ ಸದ್ದು.

ಊಟದ ಹೊತ್ತು ಕಳೆದ ಮೇಲೆ ಬಾಗಿಲು ಬಡಿದಳು ಕೆಳಗಿನ ಮನೆಯ ಹಾಜಮ್ಮ ತಫೀದಾ. ಗಂಡ ಸತ್ತು ಬಹಳ ಕಾಲವಾಗಿತ್ತು. ಮಗ, ಸೊಸೆ, ಮೊಮ್ಮಕ್ಕಳು, ಆ ಕಟ್ಟಡದ ನಾಲ್ಕೂ ಅಂತಸ್ತಿನವರು ಅವಳ ಬಾಯಿಗೆ ಹೆದರುತ್ತಿದ್ದರು. ವಗ್ದಿಯ ಮಗಳು ಹುಟ್ಟಿದಾಗ ಬಾಣಂತನಕ್ಕೆ ಕೋಳಿ ಸಾರು ಹೊತ್ತು ಬಂದವಳೂ ಅವಳೇ.

"ನಿಂತ್ಕೊಂಡೇ ಮಾತಾಡ್ತೀನಿ," ಎಂದು ಕುರ್ಚಿ ಎಳೆದುಕೊಂಡು ಕೂತಳು. "ಏನಪ್ಪಾ ವಗ್ದಿ, ನನ್ನ ಉಪವಾಸ ಯಾಕೆ ಮುರಿಸಿದೆ?"

"ನಾನಾ? ನಾನೇನು ಮಾಡಿದೆ ಹಾಜಮ್ಮ?"

"ಒಲೆ ಮುಂದೆ ನಿಂತಿದ್ದೆ. ಟಿವಿ ಆಚೆ ಕೋಣೇಲಿ. ಆಜಾನ್ ಕೇಳಿಸ್ತು. ಬಿಸ್ಮಿಲ್ಲಾ ಅಂದು ಏಪ್ರಿಕಾಟ್ ಪಾನಕ ಅರ್ಧ ಲೋಟ ಕುಡಿದೆ, ಒಂದು ಖರ್ಜೂರ ತಿಂದೆ, ಇನ್ನೊಂದು ಬಾಯಿಗಿಟ್ಟೆ. ಆಗ ಹಾರಿತಪ್ಪಾ ತೋಪು. ಖರ್ಜೂರ ನುಂಗಲೋ ಉಗುಳಲೋ. ಸೊಸೆ ನೋಡಿ ನಗ್ತಾ ತಟ್ಟೆ ಕೆಡವಿದಳು, ಒಡೆದಿದ್ದು ನನ್ನ ಮದುವೆ ತಟ್ಟೆ."

"ನನ್ನ ಧಾಟಿಯಲ್ಲಿ ಆಜಾನ್ ಎಲ್ಲಿಂದ ಬರತ್ತೆ? ಅದು ಕೊಳಲು."

"ಕೊಳಲು ಯಾವುದು, ಆಜಾನ್ ಯಾವುದು ಅಂತ ನನಗೆ ನೀನು ಹೇಳಿಕೊಡು. ಮೆಕ್ಕಾಗೆ ಹೋಗಿ ಬಂದವಳು ನಾನು."

"ಪಕ್ಕದ ಬೀದಿ ಮಸೀದೀಲಿ ಯಾರಾದರೂ ಮುಂಚೆ..."

"ನನ್ನ ಒಬ್ಬಳ ಮನೆ ಅಲ್ಲ. ಎದುರು ಮನೆ ಬದ್ರಿಯಾನೂ ಕುಡಿದಳು. ಅವಳು ಪೂರ್ತಿ ಲೋಟ."

ಕ್ರೈಸ್ತನೊಬ್ಬ ಬೇಕೆಂದೇ ಆಜಾನ್ ಸೇರಿಸಿದ ಅಂದಾರು ಜನ ಎಂದು ವಗ್ದಿಗೆ ಆಗ ಹೊಳೆಯಿತು. ಅವನು ಬಾಯಿಬಿಟ್ಟು ಹೇಳಲಿಲ್ಲ, ಹಾಜಮ್ಮನಿಗೆ ಹೇಳಬೇಕಾಗಿಯೂ ಇರಲಿಲ್ಲ. ಕೋಣೆಯ ಗೋಡೆಯ ಮೇಲೆ ಏಸುವಿನ ತಾಯಿ ಮರಿಯಮ್ಮನ ಪಟ ಇತ್ತು, ಅವನ ಕಣ್ಣು ಅತ್ತ ಹೋಗಿ ಬಂದದ್ದನ್ನು ಅವಳು ನೋಡಿದಳು.

"ಅದನ್ನ ತಲೆಯಿಂದ ತೆಗೆದುಹಾಕು," ಎಂದಳು. "ನಿನ್ನ ಮೇಲೆ ಅಂಥ ಅನುಮಾನ ಇದ್ದಿದ್ರೆ ಈ ಮೊಣಕಾಲು ಇಟ್ಟುಕೊಂಡು ಮೆಟ್ಟಿಲು ಹತ್ತುತಿದ್ನಾ? ಅಲ್ಲಿಂದಲೇ ಬೈತಿದ್ದೆ. ಇಮಾಮರನ್ನ ಕೇಳಿಸಿದೀನಿ. ಗೊತ್ತಿಲ್ಲದೆ ಆದದ್ದು, ಪಾಪ ಇಲ್ಲ, ಹಬ್ಬ ಕಳೆದ ಮೇಲೆ ಒಂದು ದಿನ ಬದಲಿ ಉಪವಾಸ ಮಾಡಿಕೋ ಅಂದರು. ಸರಿ, ಮಾಡ್ತೀನಿ. ಒಬ್ಬಳೇ ಮಾಡಲ್ಲ. ಆ ದಿನ ನೀನೂ ನನ್ನ ಜೊತೆ."

"ಆಗಲಿ ಹಾಜಮ್ಮ."

"ನಿಮ್ಮ ಥರದ್ದಲ್ಲ ಮತ್ತೆ. ಅರ್ಧ ವರ್ಷ ಉಪವಾಸ ಅಂತೀರಿ, ಎಣ್ಣೇಲಿ ಮುಳುಗಿಸಿದ ಬದನೆಕಾಯಿ ತಿಂತೀರಿ. ನೀರೂ ಇಲ್ಲ, ತಿಳೀತಾ?"

ದಿಮ್ಯಾನಾ ನಗು ತಡೆಯಲು ಕೈ ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆಯೇ ಟಿವಿ ಕಟ್ಟಡದಿಂದ ಕರೆ ಬಂತು. ಅಲ್ಲಿ ಸಂಗೀತ ವಿಭಾಗದ ಮೇಲಿನವರು ಮಮ್ದೂಹ್ ಬೇ. ಮೇಜಿನ ಮೇಲೆ ಟೇಪ್ ಯಂತ್ರ ಇಟ್ಟುಕೊಂಡು ಕೂತಿದ್ದರು.

"ಬನ್ನಿ ಉಸ್ತಾದ್. ಚಹಾ ಕೊಡುವ ಹಾಗಿಲ್ಲ, ಕ್ಷಮಿಸಿ. ಇದನ್ನ ಕೇಳಿ."

ಕೊಳಲು ಇಳಿಯಿತು, ನಿಂತಿತು.

"ಏನು ಕೇಳಿಸ್ತು?"

"ಶೆಹಾತಾ ಕಾಕಾ. ಎಂಥ ಉಸಿರು ನೋಡಿ ಆ ವಯಸ್ಸಲ್ಲಿ."

"ಇನ್ನೊಂದು ಸಲ."

ಇನ್ನೊಂದು ಸಲ ಕೇಳಿದ. ಮತ್ತೂ ಒಂದು ಸಲ ಕೇಳುವಾಗ, ಕೊಳಲಿನ ಅಡಿಯಲ್ಲಿ, ತುಂಬಾ ದೂರದಲ್ಲಿ, ಸ್ಟುಡಿಯೋದ ಹಿಂದಿನ ಓಣಿಯಲ್ಲಿ ಆಜಾನ್ ಕೂಗುವ ಮುಅಜ್ಜಿನ್‌ನ ದನಿ ಕಂಡಿತು. ಕಂಡಿತು ಎಂದೇ ಹೇಳಬೇಕು, ಕತ್ತಲ ಕೋಣೆಯಲ್ಲಿ ಯಾರೋ ಮೊದಲಿನಿಂದ ಕೂತಿದ್ದು ತಟ್ಟನೆ ಕಂಡ ಹಾಗೆ. ಕೊಳಲು ಎಲ್ಲಿಗೆ ಬಂದು ನಿಂತಿತೋ ಆ ದನಿಯೂ ಅಲ್ಲಿಗೇ ಬಂದು ನಿಂತಿತ್ತು. ಒಮ್ಮೆ ಕೇಳಿದ ಮೇಲೆ ಬೇರೇನೂ ಕೇಳಿಸದು. ಮೂವತ್ತು ಪಿಟೀಲಿನಲ್ಲಿ ಒಂದರ ತಂತಿ ಕೂದಲೆಳೆ ಇಳಿದಿದ್ದರೆ ಇಂಥವನದೇ ಎಂದು ಬೆರಳಿಟ್ಟು ತೋರಿಸುತ್ತಿದ್ದ ಅವನ ಕಿವಿ ಇದನ್ನು ಬಿಟ್ಟುಬಿಟ್ಟಿತ್ತು.

"ನಾಚಿಕೆ ಬೇಡ," ಎಂದರು ಮಮ್ದೂಹ್ ಬೇ. "ನನಗೂ ಕೇಳಿಸಲಿಲ್ಲ. ಈ ಕಟ್ಟಡದಲ್ಲಿ ಇದನ್ನ ಪಾಸ್ ಮಾಡಿದವರು ಯಾರಿಗೂ ಕೇಳಿಸಲಿಲ್ಲ. ಹುಟ್ಟಿದಾಗಿಂದ ದಿನಕ್ಕೆ ಐದು ಸಲ ಕೇಳ್ತೀವಿ, ನಮ್ಮ ಉಸಿರು ನಮಗೆ ಕೇಳಿಸತ್ತಾ? ರಾತ್ರಿ ಪ್ರಸಾರದಲ್ಲಿ ಹೊರಗಿನ ಮಸೀದಿ ಅಂದ್ಕೊಂಡರು ಜನ. ನಿನ್ನೆ ಹೊಟ್ಟೆ ಹಸಿದಿತ್ತು ನೋಡಿ, ಸರಿಯಾಗಿ ಕೇಳಿಸ್ತು. ಫೋನು ಇಳಿಸೋಕೆ ಬಿಟ್ಟಿಲ್ಲ. ಒಬ್ಬ ಮುದುಕ ಬೈಯೋದು ಬಿಟ್ಟು, ದಿನಾ ಹೀಗೇ ಸ್ವಲ್ಪ ಮುಂಚೆ ಹಾಕಿ ಅಂದ."

ವಗ್ದಿ ನಗಲಿಲ್ಲ.

"ಉಸ್ತಾದ್, ನಾಳೆ ಇಳಿಹೊತ್ತಿನೊಳಗೆ ಶುದ್ಧ ಟೇಪು ಬೇಕು. ಇವತ್ತಿಗೆ ಹೆಸರುಗಳನ್ನ ಸಂಗೀತ ಇಲ್ಲದೆ ಓಡಿಸ್ತೀನಿ. ನಾಳೆ ಬರದಿದ್ರೆ ಸಂಗ್ರಹದಿಂದ ಯಾವುದಾದರೂ ಬ್ಯಾಂಡಿನ ತುಂಡು ಹಾಕ್ತೀವಿ, ತಿಂಗಳು ಪೂರ್ತಿ ಅದೇ. ಶುರುವಿನಲ್ಲೂ ಅದೇ. ಧಾಟಿ ಇಲ್ಲ ಅಂದಮೇಲೆ ಹೆಸರೂ ಇರಲ್ಲ. ನನಗೂ ಮೇಲೆ ಒಬ್ಬರಿದ್ದಾರೆ."

ಹೊರಗೆ ನೈಲಿನ ದಂಡೆಯ ಬಿಸಿಲಿನಲ್ಲಿ ವಗ್ದಿ ಸ್ವಲ್ಪ ಹೊತ್ತು ನಿಂತ. ಮತ್ತೆ ಸಣ್ಣ ಅಕ್ಷರಕ್ಕೆ ಹೋಗುವುದಾದರೂ ಆದೀತು, ಅದು ಅಭ್ಯಾಸವಾದ ಜಾಗ. ಆದರೆ ಇಸ್ತ್ರಿ ಅಂಗಡಿಯವನ ಬಾಯಲ್ಲಿ ಬ್ಯಾಂಡಿನ ತುಂಡು ಕೇಳಬೇಕಾದೀತು ಎಂದು ನೆನೆದವನೇ ಪಿಟೀಲಿನವರನ್ನು ಹುಡುಕಲು ಹೊರಟ.

ಪಿಟೀಲಿನವರೆಲ್ಲ ಚದುರಿದ್ದರು. ಕೆಲವರು ಅಲೆಕ್ಸಾಂಡ್ರಿಯಾದ ಕಡೆ, ಕೆಲವರು ಬೇರೆ ಧಾರಾವಾಹಿಗಳ ಮುದ್ರಣದಲ್ಲಿ. ರಮದಾನಿನಲ್ಲಿ ಕೈರೋದ ಒಬ್ಬ ವಾದ್ಯಗಾರನೂ ಖಾಲಿ ಇರುವುದಿಲ್ಲ. ಪೂರ್ತಿ ಧಾಟಿ ಮತ್ತೆ ನುಡಿಸುವುದು ಆಗದ ಮಾತು. ಒಂದೇ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದು, ಅದರಿಂದ ಆಜಾನ್ ಒಂದನ್ನೇ ಹೆಕ್ಕಿ ತೆಗೆಯುವುದು ಹಾಲಿಗೆ ಬೆರೆತ ನೀರನ್ನು ತೆಗೆದ ಹಾಗೆ. ಉಳಿದದ್ದು ಒಂದೇ ದಾರಿ. ಕೊನೆಯ ಕೊಳಲಿನ ಭಾಗವಷ್ಟನ್ನು ಹೊಸದಾಗಿ ನುಡಿಸಿ ಹಳೆಯದಕ್ಕೆ ಅಂಟಿಸುವುದು.

ಮರುದಿನ ಮಧ್ಯಾಹ್ನ ಶೆಹಾತಾ ಕಾಕಾ ಬಂದ, ಕೊಳಲುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು. ಸ್ಟುಡಿಯೋ ಸಿಕ್ಕಿದ್ದು ಆ ಹೊತ್ತಿಗೆ ಮಾತ್ರ. ಬಾಗಿಲುಗಳನ್ನೆಲ್ಲ ಮುಚ್ಚಿ ಸಂದಿಗೆ ಕಂಬಳಿ ತುರುಕಿದರು. ಮುದುಕ ಉಪವಾಸದಲ್ಲಿದ್ದ. ತುಟಿ ಒಣಗಿ ಬಿರಿದಿತ್ತು. ಊದಿದ. ಗಾಳಿ ಬಂತು, ಸ್ವರ ಬರಲಿಲ್ಲ.

"ಬಾಯಿ ಮುಕ್ಕಳಿಸಿ ಉಗುಳಬಹುದು ಕಾಕಾ, ತಪ್ಪಿಲ್ಲ," ಎಂದ ಲುತ್ಫಿ.

ಮುಕ್ಕಳಿಸಿದ, ತುಟಿ ತೇವ ಮಾಡಿಕೊಂಡ. ಸ್ವರ ಬಂತು. ಸರಿಯಾಗಿಯೇ ಬಂತು, ಒಂದೊಂದು ಮೆಟ್ಟಿಲೂ ಅದರದರ ಜಾಗದಲ್ಲಿ. ಲುತ್ಫಿ ಅದನ್ನು ಹಳೆಯ ಟೇಪಿನ ಪಕ್ಕಕ್ಕಿಟ್ಟು ಕೇಳಿಸಿದ. ಹಳೆಯದರಲ್ಲಿ ಮನುಷ್ಯ ಮನೆಗೆ ಬರುತ್ತಿದ್ದ. ಹೊಸದರಲ್ಲಿ ಬಾಡಿಗೆ ಗಾಡಿಯಿಂದ ಇಳಿಯುತ್ತಿದ್ದ.

ಇನ್ನೊಂದು ಸಲ, ಮತ್ತೊಂದು ಸಲ. ಕಾಕಾ ಕೊಳಲನ್ನು ಮಡಿಲಲ್ಲಿಟ್ಟುಕೊಂಡ.

"ಬರಲ್ಲ ವಗ್ದಿ. ಸುಮ್ಮನೆ ನನ್ನ ಉಸಿರು ಖರ್ಚು ಮಾಡಿಸ್ತೀಯ. ಅವತ್ತು ನಾನು ಒಬ್ಬನೇ ನುಡಿಸಿದ್ದಲ್ಲ."

"ಹಾಗಂದರೆ?"

"ಆತ ಮೊದಲು ಹಿಡಿದ. ಆ ಓಣಿ ಮಸೀದಿಯವನು. ದನಿ ಒಳ್ಳೆಯದು, ಅವಸರ ಇಲ್ಲ. ನಾನು ಅವನ ಹಿಂದೆ ಹೋದೆ. ಕೊನೇ ಸ್ವರ ಅವನು ಎಲ್ಲಿಟ್ಟನೋ ಅಲ್ಲೇ ಇಟ್ಟೆ. ನೀನು ಬರೆದುಕೊಟ್ಟಿದ್ದು ಅದಕ್ಕಿಂತ ಒಂದು ಎಳೆ ಮೇಲಿತ್ತು."

"ಅವತ್ತು ನಿಮಗೆ ಕೇಳಿಸಿತ್ತಾ?" ಎಂದ ವಗ್ದಿ. "ಯಾಕೆ ಹೇಳಲಿಲ್ಲ ಕಾಕಾ?"

"ಹೇಳೋದೇನು ಬಂತು? ಎಲ್ಲರಿಗೂ ಕೇಳಿಸ್ತಾ ಇತ್ತಲ್ಲ. ನೀನು ಬೇಕಂತಲೇ ಬಿಟ್ಟಿದೀಯ ಅಂದ್ಕೊಂಡೆ. ಏನು ತಲೆ ಈ ಹುಡುಗನದ್ದು ಅಂತ ಮನೇಲಿ ಹೊಗಳಿದೆ ಬೇರೆ."

ಲುತ್ಫಿ ಮುಖ ತಿರುಗಿಸಿಕೊಂಡು ನಕ್ಕ. ವಗ್ದಿ ಕುರ್ಚಿಯಲ್ಲಿ ಕೂತು ಗೋಡೆ ನೋಡಿದ. ಗಡಿಯಾರ ಅವನಿಗಾಗಿ ನಿಲ್ಲುವ ಹಾಗಿರಲಿಲ್ಲ. ಟೇಪನ್ನು ಹೊತ್ತು ಸೇತುವೆ ದಾಟಿ ಆ ಕಟ್ಟಡ ಸೇರಬೇಕು, ಇಫ್ತಾರಿಗೆ ಮುಂಚಿನ ಬೀದಿಗಳಲ್ಲಿ ಗಾಡಿಗಳೆಲ್ಲ ಹುಚ್ಚು ಹಿಡಿದ ಹಾಗೆ ಓಡುತ್ತಿರುತ್ತವೆ.

"ಹೊಸದನ್ನೇ ಅಂಟಿಸಲಾ?" ಎಂದ ಲುತ್ಫಿ. "ಜನಕ್ಕೆ ಏನು ಗೊತ್ತಾಗತ್ತೆ."

"ನನಗೆ ಗೊತ್ತಾಗತ್ತಲ್ಲ."

"ಹಾಗಾದ್ರೆ?"

"ಆತ ಎಲ್ಲಿ ಶುರು ಮಾಡ್ತಾನೆ, ಅದಕ್ಕೆ ಮುಂಚೆ ಕತ್ತರಿಸು."

ಲುತ್ಫಿ ಟೇಪನ್ನು ಕೈಯಿಂದ ಹಿಂದಕ್ಕೆ ಮುಂದಕ್ಕೆ ಎಳೆದು ಜಾಗ ಹುಡುಕಿದ. "ಇಲ್ಲಿ. ಆದ್ರೆ ಉಸ್ತಾದ್, ಇಲ್ಲಿ ಕತ್ತರಿಸಿದ್ರೆ ಧಾಟಿ ಮುಗಿಯಲ್ಲ. ಕೊನೇ ಮೆಟ್ಟಿಲು ಇಳಿಯೋಕೆ ಕಾಲು ಎತ್ತಿದಾನೆ, ಅಷ್ಟೇ."

"ಗೊತ್ತು."

"ನೀವೇ ಹೀಗೆ ಮಾಡಿದ್ರಿ ಅಂದ್ರೆ ಊರಲ್ಲಿ ನಗ್ತಾರೆ."

"ಕತ್ತರಿಸು ಲುತ್ಫಿ."

ಬ್ಲೇಡು ಇಳಿಯುವಾಗ ವಗ್ದಿ ನೋಡಲಿಲ್ಲ. ಶೆಹಾತಾ ಕಾಕಾ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಇಪ್ಪತ್ತು ವರ್ಷ ಬೇರೆಯವರ ಧಾಟಿಗಳನ್ನೆಲ್ಲ ಕೈಹಿಡಿದು ಮನೆ ಮುಟ್ಟಿಸಿದವನು ತನ್ನದನ್ನು ಬಾಗಿಲ ಹೊರಗೆ ನಿಲ್ಲಿಸಿ ಬಂದ.

ಅವತ್ತು ಇಳಿಹೊತ್ತು ಅದು ಹಾಗೇ ಪ್ರಸಾರವಾಯಿತು. ವಗ್ದಿ ಬಾಲ್ಕನಿಗೆ ಹೋಗಲಿಲ್ಲ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಆದರೂ ಕಿಟಕಿಗಳಿಂದ ಬಂತು. ಕೊಳಲು ಇಳಿಯಿತು, ಇಳಿಯಿತು, ಒಂದು ಕಾಲು ಎತ್ತಿಕೊಂಡು ನಿಂತಿತು. ಆಮೇಲೆ ಓಣಿಯಲ್ಲಿ ಅಡುಗೆಮನೆಗಳ ಚಮಚಗಳ ಸದ್ದು ಮಾತ್ರ. ದಿಮ್ಯಾನಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿ ಅಲುಗಿದ್ದನ್ನು ಅವನು ನೋಡಲಿಲ್ಲ.

ಮಾತು ಬರಲು ಶುರುವಾಯಿತು. ಕಾಫಿ ಅಂಗಡಿಯಲ್ಲಿ ಹಳೆಯ ಪಿಟೀಲಿನವನೊಬ್ಬ, "ಏನಯ್ಯಾ, ಟಿವಿಯವರು ಕರೆಂಟು ಕಿತ್ತರಾ?" ಎಂದ. ವಗ್ದಿ ಕೆಲವು ದಿನ ಅತ್ತ ಹೋಗಲಿಲ್ಲ. ಮಮ್ದೂಹ್ ಬೇ ಅವರ ಫೋನು ಬಂದಾಗ, ಬ್ಯಾಂಡಿನ ತುಂಡು ಹಾಕುತ್ತೇವೆ ಎಂದು ಹೇಳಲು ಎಂದೇ ಅವನು ತಿಳಿದ.

"ಉಸ್ತಾದ್, ಮತ್ತೆ ಫೋನು ಇಳಿಸೋಕೆ ಬಿಡ್ತಿಲ್ಲ ಜನ."

"ಮತ್ತೇನಾಯ್ತು?"

"ಮುಂದೇನು ಅಂತ ಕೇಳ್ತಾರೆ. ಧಾಟಿ ನಿಂತಿತಲ್ಲ, ಆಮೇಲೆ ಏನು, ಪೂರ್ತಿ ಕ್ಯಾಸೆಟ್ಟು ಸಿಗತ್ತಾ ಅಂತ. ಒಬ್ಬ ಹೆಂಗಸು ಫೋನಲ್ಲೇ ಹಾಡಿ ಮುಗಿಸಿ, ಹೀಗಲ್ವಾ ಅಂದಳು. ನನ್ನ ಮಗಳು ಬೇರೆ ಥರ ಮುಗಿಸ್ತಾಳೆ. ಇರಲಿ ಬಿಡಿ, ತಿಂಗಳು ಹೀಗೇ ಹೋಗಲಿ. ಹಬ್ಬ ಕಳೀಲಿ, ಎಲ್ಲರನ್ನೂ ಕೂಡಿಸಿ ಕೊನೆಯನ್ನ ಸರಿಯಾಗಿ ನುಡಿಸಿಕೊಡಿ. ಮರುಪ್ರಸಾರಕ್ಕೆ ಅದನ್ನೇ ಹಾಕೋಣ."

ಹೆಸರು ಉಳಿಯಿತು. ವಗ್ದಿ ಫೋನು ಇಟ್ಟು, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಕೊನೆಯನ್ನು ಸರಿ ಮಾಡುವ ಅವಕಾಶವೂ ಸಿಕ್ಕಿತಲ್ಲ, ಇನ್ನೇನು ಬೇಕು. ಪಿಟೀಲುಗಳನ್ನು ಹೇಗೆ ಇಳಿಸಬೇಕು, ಶೆಹಾತಾ ಕಾಕಾನಿಗೆ ಯಾವ ಸ್ವರ ಎಲ್ಲಿ ಇಡಲು ಹೇಳಬೇಕು ಎಂದು ಹಬ್ಬದ ದಿನಗಳಲ್ಲೂ ಲೆಕ್ಕ ಹಾಕುತ್ತಿದ್ದ.

ಹಬ್ಬ ಕಳೆದ ಮೇಲೆ ಹಾಜಮ್ಮ ಮಾತು ಮರೆಯಲಿಲ್ಲ. ಒಂದು ಗುರುವಾರ ಗೊತ್ತುಮಾಡಿದಳು. ಬೇಸಿಗೆಯ ದಿನ ಎಷ್ಟು ಉದ್ದ ಎಂದು ಅವತ್ತು ವಗ್ದಿಗೆ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಚರ್ಮದ ಚೂರಿನ ಹಾಗಾಯಿತು. ಇಳಿಹೊತ್ತಿಗೆ ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತ. ಅವಳು ಮೊಲೊಖಿಯಾ ಸೊಪ್ಪು ಕೊಚ್ಚುತ್ತಿದ್ದಳು. ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಬೆಣ್ಣೆಯಲ್ಲಿ ಹುರಿಯುವ ವಾಸನೆಗೆ ಅವನ ಹೊಟ್ಟೆ ನಾಚಿಕೆಯಿಲ್ಲದೆ ಮಾತಾಡಿತು.

"ಅದಕ್ಕೆ ಧಾಟಿ ಹಾಕು," ಎಂದಳು ಹಾಜಮ್ಮ.

"ಕುಳಿತಲ್ಲೇ ತಲೆ ತಿರುಗ್ತಾ ಇದೆ ಹಾಜಮ್ಮ."

"ತಿರುಗಲಿ. ಪೂರ್ತಿ ತಿಂಗಳು ತಿರುಗಿದೆ ನಮಗೆ."

ಅವಳು ಕೊಚ್ಚುವ ತಾಳಕ್ಕೆ ಅವಳ ಬಾಯಲ್ಲಿ ತಾನಾಗಿ ಅವನ ಧಾಟಿ ಎದ್ದಿತು. ಒಣಗಿದ ದನಿ, ಅಲ್ಲಲ್ಲಿ ಸೀಳು. ಪಿಟೀಲುಗಳು ಏಳುವ ಜಾಗದಲ್ಲಿ ಕತ್ತಿ ಜೋರಾಯಿತು. ಕೊಳಲಿನ ಜಾಗಕ್ಕೆ ಬಂದಾಗ ಕತ್ತಿ ನಿಂತಿತು, ಅವಳು ಒಬ್ಬಳೇ ಇಳಿದಳು. ಟಿವಿಯಲ್ಲಿ ಕತ್ತರಿಸಿದ ಜಾಗ ಬಂತು. ಅವಳು ನಿಲ್ಲಲಿಲ್ಲ. ಸ್ವಲ್ಪ ತಡೆದು, ಪಕ್ಕಕ್ಕೆ ಸರಿದು, ವಗ್ದಿ ಎಂದೂ ಯೋಚಿಸಿರದ ಒಂದು ಸಂದಿಯಿಂದ ಹೊಕ್ಕು ಮನೆಗೆ ಬಂದು ಕೂತಳು. ಮತ್ತೆ ಕೊಚ್ಚಲು ಶುರುಮಾಡಿದಳು.

ವಗ್ದಿ ಸ್ಟೂಲಿನ ತುದಿಗೆ ಬಂದಿದ್ದ. "ಅದೇನು ಹಾಡಿದಿರಿ ಕೊನೇಲಿ?"

"ನಿನಗೆ ಮುಗಿಸೋಕೆ ಬರಲಿಲ್ಲ, ನಾನು ಮುಗಿಸಿಕೊಂಡೆ. ದಿನಾ ಹಾಗೇ ಮಾಡ್ತೀನಿ. ಅರ್ಧಕ್ಕೆ ಬಿಟ್ಟರೆ ನನಗೆ ಸಾರು ಕುದಿಯಲ್ಲ."

"ಇದು ಎಲ್ಲಿಂದ ಬಂತು?"

"ನನ್ನಮ್ಮ ಹಿಟ್ಟು ನಾದುವಾಗ ಏನೋ ಹೇಳ್ತಿದ್ದಳು, ಅದರ ಥರ ಇದೆ. ಅಲ್ಲದೇನೂ ಇರಬಹುದು. ಬದ್ರಿಯಾ ಬೇರೆ ಥರ ಮುಗಿಸ್ತಾಳೆ, ಅವಳಿಗೆ ಬರಲ್ಲ. ನಿನ್ನ ಹೆಂಡತಿದು ಚೆನ್ನಾಗಿದೆ, ಆದ್ರೆ ಸ್ವಲ್ಪ ನಿಮ್ಮ ಚರ್ಚಿನ ಹಾಗೆ."

"ದಿಮ್ಯಾನಾ ಹಾಡ್ತಾಳಾ?"

"ಮತ್ತೆ? ಬಟ್ಟೆ ಒಣಗಿಸುವಾಗ ಕೇಳು. ನೀನು ಮನೇಲಿದ್ರೆ ಬಾಯಿ ಬಿಡಲ್ಲ, ಅಷ್ಟೇ. ಉಸ್ತಾದರ ಮುಂದೆ ಯಾರು ಹಾಡ್ತಾರೆ."

ವಗ್ದಿಗೆ ಗೊತ್ತಿದ್ದ ಕೊನೆಗಳೆಲ್ಲ, ಮದುವೆಯ ಕೊನೆಗಳು, ಅಳುವಿನ ಕೊನೆಗಳು, ಇಷ್ಟು ಸಿನಿಮಾಗಳಲ್ಲಿ ಒಂದೊಂದಾಗಿ ಹೊಲಿದು ಕೊಟ್ಟ ಕೊನೆಗಳು, ಅವುಗಳಲ್ಲಿ ಒಂದನ್ನೂ ಯಾರೂ ಹೀಗೆ ಒಲೆ ಮುಂದೆ ಕೈಗೆತ್ತಿಕೊಂಡಿರಲಿಲ್ಲ. ಅವು ಮುಗಿದಿದ್ದವು. ಜನ ಎದ್ದು ಮನೆಗೆ ಹೋಗಿದ್ದರು.

"ಹಾಜಮ್ಮ, ಟಿವಿಯವರು ಕೊನೇನ ಸರಿಯಾಗಿ ನುಡಿಸಿ ಕೊಡು ಅಂದಿದ್ದಾರೆ. ಮುಂದಿನ ವಾರ ಎಲ್ಲರನ್ನೂ ಕರೆದಿದೀನಿ."

ಅವಳು ಕತ್ತಿ ಕೆಳಗಿಟ್ಟು ಅವನನ್ನು ನೋಡಿದಳು. "ನುಡಿಸು. ನಿನ್ನ ಧಾಟಿ, ನಿನ್ನಿಷ್ಟ." ಸ್ವಲ್ಪ ತಡೆದು, "ಆದ್ರೆ ಆಮೇಲೆ ಅದು ಬಂದಾಗ ನಾನು ಸುಮ್ಮನೆ ನಿಂತು ಕೇಳಬೇಕು, ಅಲ್ವಾ?" ಎಂದಳು.

ಅವನು ಉತ್ತರ ಕೊಡುವ ಮೊದಲೇ ಆಜಾನ್ ಎದ್ದಿತು. ವಗ್ದಿಯ ಕೈ ಲೋಟದ ಕಡೆ ಹೋಯಿತು. ಹಾಜಮ್ಮ ಅದನ್ನು ತಡೆದು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎದುರು ಮನೆಯ ಬದ್ರಿಯಾಳನ್ನು ಕೂಗಿ ಕೇಳಿದಳು, ಇದು ನಿಜವಾದ ಮಗ್ರಿಬ್, ಸಂಜೆಯ ಆಜಾನೇ ತಾನೇ ಎಂದು. ಹೌದು ಎಂಬ ಉತ್ತರ ಬಂದ ಮೇಲೆ ಪಾನಕದ ಲೋಟ ಅವನ ಕಡೆ ತಳ್ಳಿದಳು. ಇಬ್ಬರೂ ಒಂದೇ ಉಸಿರಿಗೆ ಕುಡಿದರು. ಅವಳು ಅವನಿಗೆ ಅನ್ನ ಬಡಿಸಿ ಮೇಲೆ ಮೊಲೊಖಿಯಾ ಸಾರು ಸುರಿದಳು. ಅವನು ತಲೆಯೆತ್ತದೆ ಉಂಡ.

ಊಟ ಆದ ಮೇಲೆ ಮೆಟ್ಟಿಲು ಹತ್ತಿ ಮನೆಗೆ ಹೋಗಿ, ಮಮ್ದೂಹ್ ಬೇ ಅವರ ಮನೆಗೆ ಫೋನು ಮಾಡಿದ.

"ಮುಂದಿನ ವಾರದ ಮುದ್ರಣ ಬೇಡ," ಎಂದ. "ಈಗಿರೋ ಟೇಪೇ ಇರಲಿ."

"ಕೊನೆ ಇಲ್ಲವಲ್ಲ ಉಸ್ತಾದ್."

"ಇದೆ. ನಮ್ಮ ಕಟ್ಟಡದಲ್ಲೇ ಸುಮಾರು ಇವೆ."

ಆ ಕಡೆಯವರಿಗೆ ಏನು ಅರ್ಥವಾಯಿತೋ, ನಕ್ಕು ಆಗಲಿ ಎಂದರು. ವಗ್ದಿ ಫೋನು ಇಟ್ಟ. ಹಿಂದಿನ ಬಾಲ್ಕನಿಯಲ್ಲಿ ದಿಮ್ಯಾನಾ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ಅವನ ಧಾಟಿ ಗುನುಗುತ್ತಿದ್ದಳು. ಅವನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಅವನು ಚಪ್ಪಲಿ ಕಳಚಿ, ಸದ್ದಾಗದ ಹಾಗೆ ಬಾಗಿಲ ಈಚೆ ನಿಂತು, ಅವಳು ಧಾಟಿ ಕತ್ತರಿಸಿದ ಜಾಗಕ್ಕೆ ಬರುವುದನ್ನು ಕಾದ.